ಎರಡು ಲಾರಿ ಅರಿಶಿನ, ಮೂವತ್ತೆರಡು ಮನೆ

ಪಣಕ್ಕಿದ್ದದ್ದು ಎರಡು ಲಾರಿ ಅರಿಶಿನ. ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಬರಿಸಿದ ಮಾಲು. ಹನೂರಿನಿಂದ ಕಾಮಗೆರೆಗೆ ಬರುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದ ಒಂದು ಊರಿನವರು ಬೆಳೆದದ್ದು. ಮನೆಗೆ ಅರ್ಧ ಎಕರೆ, ಮುಕ್ಕಾಲು ಎಕರೆ, ತೀರಾ ಹೆಚ್ಚೆಂದರೆ ಒಂದು ಎಕರೆ. ನಮ್ಮ ತಂದೆಯವರ ಕಾಲದಿಂದಲೂ ಆ ಊರಿನ ಅರಿಶಿನ ಕೊಳ್ಳೇಗಾಲದ ನಮ್ಮ ಅಂಗಡಿಗೇ ಬರುತ್ತಿತ್ತು. ಬರುತ್ತಿತ್ತು ಎಂದರೆ ತಾನಾಗಿ ಬರುತ್ತಿರಲಿಲ್ಲ, ನಾನೇ ಮನೆಮನೆಗೆ ಹೋಗಿ ತರುತ್ತಿದ್ದೆ. ಈ ಮನೆಯವನಿಗೆ ಕೊಟ್ಟ ರೇಟು ಪಕ್ಕದ ಮನೆಯವನಿಗೆ ಗೊತ್ತಾಗುತ್ತಿರಲಿಲ್ಲ. ಆ ಗೊತ್ತಾಗದೆ ಇರುವುದರಲ್ಲೇ ನನ್ನ ಲಾಭ ಇತ್ತು. ವ್ಯಾಪಾರ ಎಂದರೆ ಅದೇ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಅಂಗಡಿ ಬಾಗಿಲು ತೆಗೆದರೆ ಸಾಕು, ದಿನಕ್ಕೊಂದು ತಮಾಷೆ ತಾನಾಗಿ ಒಳಗೆ ಬಂದು ಕೂರುತ್ತದೆ. ಗಿರಾಕಿ ಬಾರದ ದಿನವೂ ಅದು ಬರುತ್ತದೆ. ಆದರೆ ಆ ಊರಿನವರು ಸಹಕಾರ ಸಂಘ ಮಾಡಿಕೊಂಡ ವರ್ಷ ಆದಷ್ಟು ತಮಾಷೆ ನನ್ನ ವ್ಯಾಪಾರದಲ್ಲಿ ಇನ್ನೆಂದೂ ಆಗಿಲ್ಲ.

ಸಂಘದ ನಿಯಮ ಬಹಳ ಸರಳ. ಎಲ್ಲರ ಮಾಲೂ ಒಂದೇ ರಾಶಿ, ಒಂದೇ ತೂಕ, ಒಂದೇ ರೇಟು. ಅಧ್ಯಕ್ಷೆಯಾಗಿ ಆರಿಸಿದ್ದು ಒಬ್ಬ ಹೆಂಗಸನ್ನು. ವಯಸ್ಸು ಐವತ್ತರ ಆಸುಪಾಸು. ಜಮೀನು ಮುಕ್ಕಾಲು ಎಕರೆ, ಗಂಟಲು ನಾಲ್ಕು ಎಕರೆ. ಅಧ್ಯಕ್ಷೆಯಮ್ಮ ನೇರವಾಗಿ ನನ್ನ ಅಂಗಡಿಗೇ ಬಂದು ನಿಂತರು.

"ಸಾವ್ಕಾರ್ರೇ, ಈ ಸಲ ನೀವು ನಮ್ಮನೆ ಬಾಗ್ಲು ಬಾಗ್ಲು ತಿರುಗೋದು ಬ್ಯಾಡಿ. ರಾಶಿ ಒಂದೇ ಕಡೆ ಇರ್ತದೆ. ಅಲ್ಲಿಗೇ ಬಂದು ರೇಟು ಯೇಳಿ."

"ರಾಶಿ ಆಗೋದ್ರೊಳಗೆ ನೀವು ನೀವೇ ಜಗಳ ಆಡಿ ಚೆಲ್ಲಾಪಿಲ್ಲಿ ಆಯ್ತೀರಿ ಕಣವ್ವ."

"ಜಗಳ ಆಡ್ತೀವಿ. ಆಡ್ಕಂಡೇ ರಾಶಿ ಆಕ್ತೀವಿ."

ಹೇಳಿದವರೇ ಸೆರಗು ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನೂ ಅಲ್ಲೇ, ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ತೀರ್ಮಾನ ಮಾಡಿದೆ. ರಾಶಿ ಆಗಬಾರದು. ರಾಶಿ ಆಯಿತೆಂದರೆ ಆ ಊರಿನ ಮಾಲು ನನ್ನ ಕೈ ತಪ್ಪಿ ಈರೋಡಿನ ಪೇಟೆಗೆ ನೇರವಾಗಿ ಹೋದರೂ ಹೋಗಬಹುದು. ರಾಶಿ ಆಗದಿದ್ದರೆ ಹಳೆಯ ಹಾಗೆ ಮನೆಮನೆಗೆ ಹೋಗಿ ನನ್ನ ರೇಟಿಗೆ ತರಬಹುದು. ಅವರು ಹಟ ಹಿಡಿದರು, ನಾನೂ ಹಟ ಹಿಡಿದೆ. ನಡುವೆ ಆದದ್ದು ಇಷ್ಟು.

ಹಸಿ ಒಲೆ

ಮನೆಗೊಂದು ಷೇರು ಅಂತ ಸಂಘದಲ್ಲಿ ಗೊತ್ತು ಮಾಡಿದರು. ಷೇರು ತಗೊಂಡ ಮನೆಗೆ ಅರಿಶಿನ ಒಣಗಿಸಲು ಒಂದು ಟಾರ್ಪಾಲು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಯಾರೋ ಒಬ್ಬರು ಎದ್ದು ನಿಂತು, "ಮನೆ ಅಂದ್ರೆ ಯಾವ್ದು?" ಅಂತ ಕೇಳಿಬಿಟ್ಟರು.

ಸಂಘದ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ರೇಷನ್ ಕಾರ್ಡಿನ ಲೆಕ್ಕ ಹಿಡಿಯೋಣ ಅಂದರು. ಊರಿನವರು ಒಪ್ಪಲಿಲ್ಲ. ಅಲ್ಲಿ ಒಂದು ಕಾರ್ಡಿನಲ್ಲಿ ಮೂರು ಸಂಸಾರ ಇದ್ದವು, ಒಂದು ಸಂಸಾರಕ್ಕೆ ಎರಡು ಕಾರ್ಡೂ ಇದ್ದವು. ಜಮೀನಿನ ಪಹಣಿ ನೋಡೋಣ ಅಂದರೆ ಅರ್ಧ ಊರಿನ ಪಹಣಿಯಲ್ಲಿ ತೀರಿಕೊಂಡ ತಾತಂದಿರೇ ಇನ್ನೂ ಬೇಸಾಯ ಮಾಡುತ್ತಿದ್ದರು. ಕೊನೆಗೆ ಹಿರಿಯರೆಲ್ಲ ಸೇರಿ, "ಒಲೆ ಲೆಕ್ಕ ಹಾಕಿ. ಒಂದು ಒಲೆ ಉರಿದರೆ ಒಂದು ಮನೆ" ಅಂದರು. ಎಲ್ಲರೂ ಒಪ್ಪಿದರು. ಮೂವತ್ತೊಂದು ಒಲೆ ಲೆಕ್ಕಕ್ಕೆ ಸಿಕ್ಕಿತು.

ಒಂದು ಮನೆಯಲ್ಲಿ ಸೊಸೆ ಬಂದಾಗಿನಿಂದ ಬೇರೆ ಒಲೆ ಕೇಳುತ್ತಿದ್ದಳು. ಕೇಳಿದಾಗಲೆಲ್ಲ ಅತ್ತೆ, "ನಾನ್ ಸತ್ಮೇಲೆ ಊಡ್ಕೊ" ಅನ್ನುತ್ತಿದ್ದಳು. ಒಲೆಗೊಂದು ಟಾರ್ಪಾಲು ಅನ್ನುವ ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಮಣ್ಣು ಕಲಸಿ ಹಿತ್ತಲ ಜಗುಲಿಯ ಮೇಲೆ ತಾನೇ ಒಲೆ ಹೂಡಿಬಿಟ್ಟಳು. ಕಾರ್ಯದರ್ಶಿ ಮೇಷ್ಟ್ರು ನೋಡಲು ಹೋದಾಗ ಒಲೆಯ ಮೇಲೆ ಬೆರಳಿನ ಗುರುತು ಹಸಿಹಸಿಯಾಗಿತ್ತು.

"ಏನವ್ವಾ ಇದು, ಇನ್ನೂ ಒಣಗೇ ಇಲ್ಲ?"

"ಟಾರ್ಪಾಲ್ ಇಲ್ದೆ ಎಂಗೆ ಒಣಗುಸ್ಲಿ ಸಾ?"

ಮೇಷ್ಟ್ರು ಮೂವತ್ತೆರಡು ಅಂತ ತಿದ್ದಿಕೊಂಡು ಬಂದರು.

ಸುದ್ದಿ ನನಗೆ ಬಂತು. ಖುಷಿಯಾಯಿತು. ಟಾರ್ಪಾಲಿಗೇ ಮನೆ ಒಡೆದುಕೊಳ್ಳುವವರು ಸಂಘ ಎಷ್ಟು ದಿನ ಇಟ್ಟುಕೊಂಡಾರು? ಸ್ವಲ್ಪ ದಿನ ಕಳೆದ ಮೇಲೆ ಅದೇ ಅತ್ತೆ ಸಂತೆಗೆ ಬಂದವಳು ನನ್ನ ಅಂಗಡಿ ಮುಂದೆ ಹಾದುಹೋದಳು. ಕರೆದು ಕೂರಿಸಿ, ಟೀ ತರಿಸಿದೆ.

"ಏನವ್ವಾ, ಮನೆ ಎರಡಾಯ್ತಂತೆ?"

"ಅಯ್ಯೋ ಅದುನ್ನ ಕೇಳ್ಬ್ಯಾಡಿ. ಟಾರ್ಪಾಲ್ ಬಂತಲ್ಲ, ಇನ್ನು ಒಲೆ ಕಿತ್ತಾಕವ್ವ ಅಂದ್ರೆ ಸೊಸೆ ಕೀಳಕಿಲ್ಲ ಅಂತಾಳೆ. ಷೇರು ನಂದು, ವೋಟು ನಂದು, ಒಲೇನೂ ನಂದೆಯಾ ಅಂತಾಳೆ. ಸಬೇಲಿ ನನ್ ಪಕ್ಕದಲ್ಲೇ ಕುಂತ್ಕಂಡು ನನಗೆ ಎದುರಾಗಿ ಕೈ ಎತ್ತುತಾಳೆ!"

ಇದೇ ಸಮಯ ಅಂದುಕೊಂಡೆ. "ಬೇರೆ ಆದ ಮೇಲೆ ಅವಳ ಹಂಗು ನಿಮಗ್ಯಾಕೆ? ನಿಮ್ಮ ಪಾಲಿನ ಮಾಲು ನನಗೆ ಹಾಕಿಬಿಡಿ. ರೇಟು ನೋಡಿ ಕೊಡ್ತೀನಿ."

"ಎಲ್ ಆಕ್ಲಿ ಸಾವ್ಕಾರ್ರೇ? ನಾನು ಒಂದು ಕೊಂಬು ಆಚೆಗೆ ಎತ್ತುದ್ರೆ ಅವಳು ಓಗಿ ಅಧ್ಯಕ್ಷೆಗೆ ಯೇಳ್ತಾಳೆ. ಅವಳು ಎತ್ತುದ್ರೆ ನಾನ್ ಯೇಳ್ದೆ ಬುಟ್ಟೇನಾ? ಇಬ್ರೂ ಒಬ್ರುನ್ನೊಬ್ರು ಕಾಯ್ಕಂಡು ಕುಂತಿವಿ."

ಒಡೆದ ಮನೆ ಎರಡು ಬೀಗ ಹಾಕಿಕೊಂಡು ಇನ್ನೂ ಭದ್ರವಾಗಿ ಕೂತಿತ್ತು. ನನ್ನ ಟೀ ದಂಡ. ಹೋಗುವಾಗ ಅತ್ತೆ ಮೆಟ್ಟಿಲ ಮೇಲೆ ನಿಂತು, ಆಚೆ ಈಚೆ ನೋಡಿ, ಗುಟ್ಟಿನಲ್ಲಿ ಕೇಳಿದಳು:

"ನೀವು ವ್ಯಾಪಾರ ಗೊತ್ತಿರೋರು, ಅದ್ಕೆ ಕೇಳ್ತೀನಿ. ಸೊಸೆ ದಿನಾ ಬೆಳಿಗ್ಗೆ ನನ್ನೊಲೆಯಿಂದ ಕೆಂಡ ತಕಂಡೋಯ್ತಾಳೆ. ಈಗ ಮನೆ ಬ್ಯಾರೆ ಅಲ್ವಾ, ಕೆಂಡಕ್ಕೆ ರೇಟು ಆಕ್ಬೋದಾ?"

ಎಲ್ಲ ಗಂಟೂ ಒಂದೇ ಬಣ್ಣ

ಅರಿಶಿನ ಕಿತ್ತ ಮೇಲೆ ಬಹಳ ದಿನ ಇಡುವಂತಿಲ್ಲ, ಬೇಯಿಸಬೇಕು. ಸಂಘದವರು ಬಾಡಿಗೆಗೆ ಒಂದು ಬಾಯ್ಲರ್ ತರಿಸಿದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬರುವಂಥದ್ದು, ಮೇಲೆ ದೊಡ್ಡ ಡ್ರಮ್ಮು. ದಿನಕ್ಕೆ ಎರಡು ಮೂರು ಮನೆಯದು ಆರಾಮವಾಗಿ ಬೇಯುತ್ತದೆ.

ಆದರೆ ವರ್ಷದ ಮೊದಲ ಅರಿಶಿನವನ್ನು ಆ ಊರಿನ ಹೆಂಗಸರು ಶುಕ್ರವಾರ ಬಿಟ್ಟು ಬೇರೆ ದಿನ ಬೇಯಿಸುವುದಿಲ್ಲ. ಅದು ಲಕ್ಷ್ಮಿ. ಮೊದಲೆಲ್ಲ ಮನೆಗೊಂದು ಕೊಪ್ಪರಿಗೆ ಇತ್ತು, ಎಲ್ಲರದೂ ಅದೇ ಶುಕ್ರವಾರ ಬೇಯುತ್ತಿತ್ತು. ಈಗ ಮೂವತ್ತೆರಡು ಮನೆಗೆ ಬಾಯ್ಲರ್ ಒಂದು, ಶುಕ್ರವಾರವೂ ಒಂದು. ಚೀಟಿ ಎತ್ತಿ ಸರದಿ ಮಾಡೋಣ ಅಂದರೆ, "ಮಂಗಳವಾರ ಬಂದವರು ಏನು ಮಾಡೋದು, ಲಕ್ಷ್ಮೀನ ಒರಗೆ ನಿಲ್ಲುಸಾದಾ?" ಅಂತ ಹೆಂಗಸರು ತಿರುಗಿ ಬಿದ್ದರು.

ನನಗೆ ಬೇಕಾದದ್ದೂ ಅದೇ. ಸರದಿ ಸಿಗದವರು ಹಸಿ ಅರಿಶಿನ ಇಟ್ಟುಕೊಂಡು ಎಷ್ಟು ದಿನ ಕಾಯುತ್ತಾರೆ? ಆ ಶುಕ್ರವಾರ ಬೆಳಿಗ್ಗೆಯೇ ಒಂದು ಗೂಡ್ಸ್ ಆಟೋ ಮಾಡಿಕೊಂಡು ಹೋಗಿ, ಊರ ಮುಂದಿನ ಹುಣಸೆಮರದ ಕೆಳಗೆ ತಕ್ಕಡಿ ಇಟ್ಟುಕೊಂಡು ಕೂತೆ. ಜಗಳದ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಆಟೋದವನು, "ಇನ್ನೇನು ಬತ್ತಾರೆ ಸಾ" ಅಂತ ಹಿಂದಿನ ಬಾಗಿಲು ಇಳಿಸಿಯೂ ಇಟ್ಟ.

ಅಷ್ಟರಲ್ಲಿ ಅಧ್ಯಕ್ಷೆಯಮ್ಮನ ಗಂಟಲು ಕೇಳಿಸಿತು. "ಮನೆಗೆ ಒಂದೊಂದು ಪುಟ್ಟಿ ತನ್ನಿ. ಒಟ್ಟಿಗೇ ಡ್ರಮ್ಮಿಗೆ ಆಕವ. ಶುಕ್ರವಾರದ ಶಾಸ್ತ್ರ ಎಲ್ರುದೂ ಆಯ್ತದೆ. ಮಿಕ್ಕುದ್ದು ಚೀಟಿ ಪ್ರಕಾರ."

ಬುದ್ಧಿವಂತಿಕೆಯ ಮಾತೇ. ಆದರೆ ನನ್ನದು ನನಗೇ ಬರಬೇಕು, ಪಕ್ಕದ ಮನೆಯವಳ ಹುಳುಕು ಅರಿಶಿನ ನನ್ನ ಪುಟ್ಟಿಗೆ ಬರಬಾರದು ಎಂದು ಪ್ರತಿಯೊಬ್ಬಳದೂ ಹಟ. ಹಾಗಾಗಿ ಪ್ರತಿ ಮನೆಯವರೂ ತಮ್ಮ ಪುಟ್ಟಿಯ ಅರಿಶಿನವನ್ನು ಒಂದೊಂದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದರು. ಗುರುತಿಗೆ. ಒಬ್ಬಳದು ಗುಲಾಬಿ ಸೀರೆಯ ಚೂರು, ಒಬ್ಬಳದು ಬಿಳಿ ಪಂಚೆ, ಒಬ್ಬಳದು ಗಂಡನ ತಿಳಿನೀಲಿ ಲುಂಗಿ. ನಾನೂ ಮರದ ಕೆಳಗಿಂದ ಎದ್ದು ಹೋಗಿ ನೋಡಿದೆ. ಗಂಟುಗಳು ಸಾಲಾಗಿ ಡ್ರಮ್ಮಿನೊಳಗೆ ಇಳಿದವು. ಪ್ರತಿಯೊಬ್ಬಳೂ, "ಗುಲಾಬಿ ನಂದು ಕಣವ್ವ", "ಲುಂಗಿ ನಂದು, ನೆನಪಿರ್ಲಿ" ಅಂತ ಸಾಕ್ಷಿ ಮಾಡಿಕೊಂಡಳು. ನೀರು ಕುದಿಯಿತು. ಎಲ್ಲರೂ ಹಾಡು ಹೇಳಿಕೊಂಡು ಕಾದರು.

ಮುಚ್ಚಳ ತೆಗೆದರು. ಒಂದೊಂದಾಗಿ ಗಂಟು ಆಚೆಗೆ ಬಂದವು.

ಹಳದಿ. ಹಳದಿ. ಹಳದಿ. ಎಲ್ಲ ಗಂಟೂ ಹಳದಿ.

ಹುಟ್ಟಿದಾಗಿನಿಂದ ಅರಿಶಿನದಲ್ಲೇ ಕೈ ಅದ್ದಿದವರು. ಅರಿಶಿನದ ಜೊತೆ ಬೇಯಿಸಿದ ಬಟ್ಟೆ ಹಳದಿ ಆಗುತ್ತದೆ ಎಂದು ಮೂವತ್ತೆರಡು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಅದೇ ವ್ಯಾಪಾರ ಮಾಡುವವನು, ಪಕ್ಕದಲ್ಲೇ ನಿಂತಿದ್ದೆ, ನನಗೂ ಹೊಳೆದಿರಲಿಲ್ಲ.

"ಇದು ನಂದು", "ಅಲ್ಲ ನಂದು" ಅಂತ ಎಳೆದಾಟ ಶುರುವಾಯಿತು. ಗಂಟು ಬಿಚ್ಚಿಹೋದವು. ಒಂದರ ಮೇಲೊಂದು ಚೆಲ್ಲಿದವು. ನೋಡುನೋಡುತ್ತ ಅಲ್ಲೊಂದು ಸಣ್ಣ ಗುಡ್ಡೆಯಾಯಿತು. ಅಧ್ಯಕ್ಷೆಯಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ನೋಡಿ ಸಾವ್ಕಾರ್ರೇ, ರಾಶಿ ಆಯ್ತು. ಯೇಳಿದ್ನಲ್ಲಾ, ಜಗಳ ಆಡ್ಕಂಡೇ ಆಕ್ತೀವಿ ಅಂತಾವ."

ಏಳು ಗಂಟೆ ಬಸ್ಸು

ಬೇಯಿಸಿದ್ದು ಒಣಗಿತು. ಒಣಗಿದ್ದನ್ನು ತುಂಬಲು ಸಂಘದಿಂದ ಹೊಸ ಚೀಲ ಕೊಟ್ಟರು. ಪ್ರತಿ ಚೀಲದ ಮೇಲೂ ಸಂಘದ ಮುದ್ರೆ, ಬೊಗಸೆ ಅಗಲ, ನೀಲಿ ಬಣ್ಣ. ರಾಶಿಗೆ ಹಾಕುವ ದಿನದವರೆಗೆ ಚೀಲ ಅವರವರ ಮನೆಯಲ್ಲೇ ಇರಬೇಕು.

ಮನೆಯಲ್ಲಿ ಇದೆ ಎಂದರೆ ನನಗೆ ಇನ್ನೂ ಅವಕಾಶ ಇದೆ ಎಂದು ಅರ್ಥ. ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳಿ ಕಳಿಸಿದೆ. "ಸೋಮವಾರ ಏಳು ಗಂಟೆ ಬಸ್ಸಿಗೆ ಅರ್ಧ ಚೀಲ ಹಾಕಿಕೊಂಡು ಬನ್ನಿ. ಸಂಘದ ರೇಟು ಎಷ್ಟಾದರೂ ಆಗಲಿ, ಅದರ ಮೇಲೆ ಕೊಡ್ತೀನಿ. ಯಾರಿಗೂ ಹೇಳಬೇಡಿ, ನಿಮಗೊಬ್ಬರಿಗೇ ಈ ಮಾತು."

ನಿಮಗೊಬ್ಬರಿಗೇ ಎಂದು ಎಂಟು ಜನಕ್ಕೆ ಹೇಳಿದ್ದೆ. ಎಂಟೂ ಜನ ಯಾರಿಗೂ ಹೇಳಲಿಲ್ಲ. ಎಂಟೂ ಜನ ಏಳು ಗಂಟೆ ಬಸ್ಸಿಗೇ ಬಂದರು.

ಆಮೇಲೆ ಕಂಡಕ್ಟರೇ ನನಗೆ ಹೇಳಿದ್ದು ಇದು. ಮೊದಲು ಹತ್ತಿದವನು ಚೀಲವನ್ನು ಸೀಟಿನ ಕೆಳಗೆ ತುರುಕಿ, ತಾನು ಮೂರು ಸೀಟು ಮುಂದೆ ಹೋಗಿ ಕೂತ. ಎರಡನೆಯವನು ಹತ್ತಿದ. ಮೊದಲನೆಯವನನ್ನು ನೋಡಿ ಬೆಚ್ಚಿದ.

"ಎಲ್ಲಿಗ್ಲಾ ಒಂಟಿದ್ದೀ?"

"ಕಾಮಗೆರೆಗೆ. ಆಸ್ಪತ್ರೆಗೆ. ಒಟ್ಟೆನೋವು. ನೀನು?"

"ನಾನೂ ಆಸ್ಪತ್ರೆಗೇ ಕಣ. ಮಂಡಿ."

ಮೂರನೆಯವನಿಗೆ ತಲೆನೋವು. ನಾಲ್ಕನೆಯವನಿಗೆ ಹಲ್ಲು. ಹೀಗೆ ಏಳು ರೋಗಿಗಳು ಹತ್ತಿದ ಮೇಲೆ, ಬಸ್ಸು ಹೊರಡುವ ಹೊತ್ತಿಗೆ ಓಡೋಡಿ ಬಂದು ಎಂಟನೆಯವನಾಗಿ ಹತ್ತಿದ್ದು ಸಾಕ್ಷಾತ್ ಅಧ್ಯಕ್ಷೆಯಮ್ಮನ ಗಂಡ. ಬಹಳ ಸಾಧು ಮನುಷ್ಯ. ಏಳು ಜನವನ್ನೂ ನೋಡಿದರು. ಚೀಲವನ್ನು ಬಾಗಿಲ ಪಕ್ಕದಲ್ಲೇ ಬಿಟ್ಟು, "ನನಗೂ ಒಸಿ ಜ್ವರ ಕಣ್ರಪ್ಪ" ಅಂದು ಕೂತುಬಿಟ್ಟರು.

ಕಂಡಕ್ಟರ್ ಬಂದ. "ಯಾರ್ದ್ರೀ ಈ ಚೀಲ? ಲಗೇಜ್ ಟಿಕೆಟ್ ತಗೊಳ್ಳಿ."

ಎಂಟೂ ಜನ ಕಿಟಕಿಯಾಚೆ ನೋಡುತ್ತಿದ್ದರು.

"ನಿಮ್ಮದಾ ಅಣ್ಣ?"

"ನಂದಲ್ಲ ಸಾ."

"ಮತ್ತೆ ನಿಮ್ಮದಾ?"

"ನಾನು ಆಸ್ಪತ್ರೆಗೆ ಓಯ್ತಾ ಇವ್ನಿ, ಚೀಲ ತಕಂಡು ಏನ್ ಮಾಡ್ಲಿ?"

ಕಾಮಗೆರೆ ಬಂತು. ಸುಮ್ಮನೆ ಕೂತರೆ ಸುಳ್ಳು ಹೊರಗೆ ಬೀಳುತ್ತದೆ. ಒಬ್ಬ ಎದ್ದ. ಅವನು ಎದ್ದ ಮೇಲೆ ಇನ್ನೊಬ್ಬ. ಎಂಟೂ ಜನ ಇಳಿದರು. ಎಂಟು ಚೀಲ ಹೊತ್ತುಕೊಂಡು ಬಸ್ಸು ಕೊಳ್ಳೇಗಾಲಕ್ಕೆ ಬಂತು.

ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಾನು ಕೈಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಚೀಲ ಇಳಿದವು, ಜನ ಇಳಿಯಲಿಲ್ಲ. ಕಂಡಕ್ಟರ್ ನನ್ನನ್ನೇ ಕೇಳಿದ: "ಇವು ನಿಮ್ಮವಾ ಸಾರ್?" ಚೀಲದ ಮೇಲೆ ಬೊಗಸೆ ಅಗಲದ ಮುದ್ರೆ, ಸುತ್ತ ನೂರು ಕಣ್ಣು. ನನ್ನದು ಎಂದು ಹೇಳುವುದು ಹೇಗೆ? "ನನ್ನದಲ್ಲಪ್ಪ, ನಾನು ಯಾರನ್ನೋ ನೋಡೋಕೆ ಬಂದೆ" ಅಂದೆ. ಪುಣ್ಯಾತ್ಮ ಮುದ್ರೆ ಓದಿಕೊಂಡು, ವಾಪಸ್ ಹೋಗುವ ಬಸ್ಸಿನಲ್ಲಿ ಎಂಟನ್ನೂ ಸಂಘಕ್ಕೇ ತಲುಪಿಸಿದ.

ಅತ್ತ ಕಾಮಗೆರೆಯಲ್ಲಿ ಎಂಟು ಜನಕ್ಕೂ ಬೇರೆ ದಾರಿ ಇರಲಿಲ್ಲ. ಮೊದಲು ಹಿಂದೆ ತಿರುಗಿದವನು ಕಳ್ಳ ಆಗುತ್ತಾನೆ. ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತರು. ನರ್ಸಮ್ಮ ಬಂದು ನೋಡಿದರೆ ಒಂದೇ ಊರಿನ ಎಂಟು ಜನ, ಎಂಟು ಜನದ್ದೂ ಅಂಗೈ ಹಳದಿ, ಉಗುರು ಹಳದಿ. ಅವರು ಗಾಬರಿಯಾಗಿ, "ಎಲ್ಲ ಕಣ್ಣು ಅಗಲಿಸಿ" ಅಂದರು. ಕಾಮಾಲೆ ಇದೆಯೇನೋ ಎಂದು ಎಂಟೂ ಜನಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದರು. ಒಬ್ಬನೂ ಬಾಯಿ ಬಿಡಲಿಲ್ಲ. ಹಲ್ಲುನೋವಿನವನು ಕೂಡ.

ಆ ವಾರದ ಸಭೆಯಲ್ಲಿ ಎಂಟು ಚೀಲವನ್ನೂ ಎದುರಿಗೆ ಇಟ್ಟುಕೊಂಡು ಅಧ್ಯಕ್ಷೆಯಮ್ಮ ಕೂತಿದ್ದರಂತೆ. ಯಾರನ್ನೂ ಬೈಯಲಿಲ್ಲ. ಗಂಡನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಆಸ್ಪತ್ರೇಲಿ ಏನಂದ್ರು?"

"ಕಾಮಾಲೆ ಇಲ್ವಂತೆ."

"ಮತ್ತಿನ್ನೇನು ಅದೆಯಂತೆ?"

ಸಾಧು ಮನುಷ್ಯ ನೆಲ ನೋಡಿಕೊಂಡು ಹೇಳಿದರು: "ಸಂಗ ಬುಟ್ಟು ಎಲ್ಗೂ ಓಗ್ಬ್ಯಾಡಿ ಅಂದ್ರು."

ನಮ್ಮದೂ ಒಂದು ಸಂಘ

ಇಷ್ಟಾದ ಮೇಲೆ ರಾಶಿ ತಡೆಯುವುದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಗೊತ್ತಾಯಿತು. ರಾಶಿ ಆಗಲಿ, ರೇಟು ಏರಬಾರದು. ಅದಕ್ಕೆ ದಾರಿ ಒಂದೇ. ಆ ಮಾಲಿಗೆ ಬರಬಹುದಾದ ವ್ಯಾಪಾರಿಗಳು ಈ ಕಡೆ ಮೂವರೇ. ನಾನು, ಹನೂರಿನವನೊಬ್ಬ, ಮತ್ತೆ ಯಳಂದೂರಿನ ನನ್ನ ಷಡ್ಡಕ. ನನ್ನ ಹೆಂಡತಿಯ ತಂಗಿಯನ್ನೇ ಮದುವೆಯಾದವನು ಅವನು. ಮೂವರೂ ಒಂದಾದರೆ ಆಯಿತಲ್ಲ.

ಕೊಳ್ಳೇಗಾಲದ ಒಂದು ಹೋಟೆಲಿನಲ್ಲಿ ಸೇರಿದೆವು. ತಿಂಡಿ ತಿನ್ನುತ್ತಲೇ ಮಾತಾಯಿತು. ಆವತ್ತಿನ ಪೇಟೆ ರೇಟಿನ ಮೇಲೆ ಕ್ವಿಂಟಾಲಿಗೆ ಇನ್ನೂರಕ್ಕಿಂತ ಹೆಚ್ಚು ಯಾರೂ ಕೊಡಬಾರದು. ಯಾರಿಗೆ ಸಿಕ್ಕರೂ ಮಾಲು ಮೂರು ಪಾಲು. ಒಗ್ಗಟ್ಟಾಗಿರಬೇಕು.

"ಆ ಊರಿನವರೇ ಒಂದಾಗಿದ್ದಾರೆ, ನಾವು ಓದಿದವರು, ನಮಗೆ ಆಗಲ್ವೇ?" ಅಂದ ಹನೂರಿನವನು.

ಅಷ್ಟು ಹೊತ್ತಿಗೆ ಬಿಲ್ಲು ಬಂತು.

"ಮೂರು ಸಮಪಾಲು ಮಾಡಿಬಿಡಿ" ಅಂದೆ.

ಷಡ್ಡಕ ಬಿಲ್ಲು ನೋಡಿದ. "ಸಮಪಾಲು ಹೆಂಗೆ? ನಾನು ತಿಂದದ್ದು ಎರಡು ಇಡ್ಲಿ. ಅವರು ಎರಡು ಮಸಾಲೆ, ಒಂದು ವಡೆ."

"ವಡೆ ನಾನು ಕೇಳಲಿಲ್ಲ, ಅವನೇ ತಂದಿಟ್ಟ" ಅಂದ ಹನೂರಿನವನು.

"ತಂದಿಟ್ಟರೆ ತಿನ್ನಲೇಬೇಕಾ?"

"ಅಲ್ಲಪ್ಪ, ಒಂದು ವಡೆಗೆ ಇಷ್ಟು ಮಾತಾ?" ಅಂದೆ ನಾನು.

"ವಡೆ ಮಾತಲ್ಲ. ನಾಳೆ ಲಾರಿ ಪಾಲು ಮಾಡುವಾಗಲೂ ನೀವು ಇದೇ ಸಮಪಾಲು ಅಂತೀರಿ. ನನಗೆ ನಿಮ್ಮ ಲೆಕ್ಕ ಮದುವೆ ಕಾಲದಿಂದಲೂ ಗೊತ್ತು."

ಮದುವೆ ಮಾತು ಬಂದ ಮೇಲೆ ಮಾವನವರು ಯಾರಿಗೆ ಎಷ್ಟು ತೂಕದ ಉಂಗುರ ಹಾಕಿದರು ಎಂಬಲ್ಲಿಗೆ ಹೋಗಲು ತಡವಾಗಲಿಲ್ಲ. ಹೋಟೆಲಿನವನು ಬಹಳ ಹೊತ್ತು ತಟ್ಟೆ ಹಿಡಿದುಕೊಂಡು ನಿಂತಿದ್ದ. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

"ಸಾವ್ಕಾರ್ರೇ, ಆ ಊರಿನ ಅಧ್ಯಕ್ಷೆಯಮ್ಮನ್ನೇ ಒಂದು ಗಳಿಗೆ ಕರೆಸ್ಲಾ?"

ಕಂಬಳಿಯ ಕೆಳಗೆ

ರಾಶಿ ಆಯಿತು. ಊರ ಕಣದ ತುಂಬ, ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅಷ್ಟು ಶುದ್ಧವಾದ ಮಾಲನ್ನು ಆ ಊರಿನಿಂದ ನಾನು ಎಂದೂ ತಂದಿರಲಿಲ್ಲ. ಒಬ್ಬರ ಕಸವನ್ನು ಇನ್ನೊಬ್ಬರು ಹಿಡಿದು ಹಿಡಿದು ತೆಗೆಸಿದ್ದರು. ಹನೂರಿನವನು ಬಂದು ಹೊಂಗೆಮರದ ನೆರಳಲ್ಲಿ ನಿಂತಿದ್ದ. ಷಡ್ಡಕ ನನ್ನ ಮುಖವನ್ನೂ ನೋಡದೆ ರಾಶಿಯ ಆಚೆ ಬದಿಯಲ್ಲಿ ನಿಂತಿದ್ದ.

ಈಗಿನವರು ಮೊಬೈಲಿನಲ್ಲೇ ರೇಟು ಮಾತಾಡುತ್ತಾರೆ. ನಾನು ಇನ್ನೂ ಟವೆಲ್ ವ್ಯಾಪಾರದವನು. ಹೆಗಲ ಮೇಲಿನ ಟವೆಲನ್ನು ಕೈ ಮೇಲೆ ಹಾಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯಬೇಕು. ಪೇಟೆ ರೇಟಿನ ಮೇಲೆ ಒಂದು ಬೆರಳಿಗೆ ಒಂದು ನೂರು. ಐದನ್ನೂ ಹಿಡಿದರೆ ಐನೂರು. ಅದರ ಮೇಲೆ ಬೇಕಾದರೆ ಅಂಗೈ ಒಮ್ಮೆ ಅಮುಕಿ ಮತ್ತೆ ಒಂದರಿಂದ ಎಣಿಸಬೇಕು. ಬಾಯಿ ಆಡುವಂತಿಲ್ಲ. ಪಕ್ಕದಲ್ಲಿ ಯಾರೇ ನಿಂತಿದ್ದರೂ ಅವರಿಗೆ ತಿಳಿಯುವುದಿಲ್ಲ. ಅದೇ ಅದರ ಚೆಂದ.

ಅಧ್ಯಕ್ಷೆಯಮ್ಮನನ್ನು ಕೇಳಿದೆ: "ಯಾರ ಕೈ ಹಿಡೀಲವ್ವಾ?"

"ನಾನಂತೂ ಕೈ ಕೊಡಕಿಲ್ಲ. ಇನ್ನು ಗಂಡಸ್ರಲ್ಲಿ ಒಬ್ರೇ ಕೊಡಂಗಿಲ್ಲ. ಕಮಿಟಿ ನಾಕೂ ಜನ ಕೈ ಇಕ್ತಾರೆ. ಒಬ್ರಿಗೆ ತಿಳಿದ ರೇಟು ನಾಕೂ ಜನಕ್ಕೆ ತಿಳೀಬೇಕು."

"ಅಷ್ಟು ಕೈ ಒಂದು ಟವೆಲಿನ ಕೆಳಗೆ ಹಿಡಿಸೋದು ಹೆಂಗೆ?"

"ಕಂಬಳಿ ತನ್ರಲಾ!"

ಕಂಬಳಿ ಬಂತು. ಅಧ್ಯಕ್ಷೆಯ ಗಂಡ, ಕಾರ್ಯದರ್ಶಿ ಮೇಷ್ಟ್ರು, ಒಬ್ಬ ಮುದುಕ, ಒಬ್ಬ ಪೈಲ್ವಾನನಂಥ ಆಳು, ಜೊತೆಗೆ ನಾನು. ಸುತ್ತ ಕುಕ್ಕರಗಾಲಲ್ಲಿ ಕೂತೆವು. ಐದು ಕೈ ಒಳಗೆ ಹೋದವು. ಕಂಬಳಿಯೊಳಗೆ ಕತ್ತಲು, ಬೆವರು, ಎಲ್ಲಿ ನೋಡಿದರೂ ಬೆರಳು. ಸಿಕ್ಕಿದ ಒಂದು ಕೈ ಹಿಡಿದು ಎರಡು ಬೆರಳು ಒತ್ತಿದೆ. ಯಾರೋ ನನ್ನ ನಾಲ್ಕು ಬೆರಳು ಒತ್ತಿದರು. ನಾನು ಮೂರು ಒತ್ತಿದೆ. ಇಲ್ಲಿಗೆ ಮುಗಿಯಿತು ಎನ್ನುವಂತೆ ಇನ್ನೊಮ್ಮೆ ಮೂರನ್ನೇ ಗಟ್ಟಿಯಾಗಿ ಒತ್ತಿದೆ.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಈರೋಡಿನ ಪಾರ್ಟಿ, ನನ್ನಿಂದ ಮಾಲು ಕೊಳ್ಳುವವನು. ಬಿಡುವ ಹಾಗಿಲ್ಲ. ಮೆಲ್ಲಗೆ ಕೈ ಆಚೆಗೆ ತೆಗೆದು, ಎದ್ದು ನಾಲ್ಕು ಹೆಜ್ಜೆ ಸರಿದು ಮಾತಾಡಿದೆ. ಅಷ್ಟು ಹೊತ್ತಿಗೆ ಯಾರೋ ಟೀ ಲೋಟ ಕೈಗೆ ಕೊಟ್ಟರು. ಒಂದು ಕೈಲಿ ಫೋನು, ಒಂದು ಕೈಲಿ ಲೋಟ ಹಿಡಿದುಕೊಂಡು ತಿರುಗಿ ನೋಡುತ್ತೇನೆ, ಕಂಬಳಿ ಕುಣಿಯುತ್ತಿದೆ.

ನಾಲ್ಕೂ ಜನ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಜೋರು ವ್ಯಾಪಾರದಲ್ಲಿ ಮುಳುಗಿದ್ದರು. ನಾನು ಎದ್ದುಹೋದದ್ದು ಒಬ್ಬರಿಗೂ ಗೊತ್ತಿಲ್ಲ. ಮೇಷ್ಟ್ರು ತಲೆ ಅಡ್ಡಕ್ಕೆ ಆಡಿಸುತ್ತಿದ್ದರು. ಪೈಲ್ವಾನ್, "ಊಹ್ಞೂ, ಊಹ್ಞೂ" ಅನ್ನುತ್ತಿದ್ದ. ಮುದುಕನ ಮುಖದಲ್ಲಿ ಮೆಲ್ಲಗೆ ನಗು ಅರಳುತ್ತಿತ್ತು. ಆಮೇಲೆ ಗೊತ್ತಾಯಿತು ಆದದ್ದೇನೆಂದು. ಮೇಷ್ಟ್ರು ನಾಲ್ಕು ಕೊಡಿ ಅಂತ ಸಿಕ್ಕಿದ ಕೈಯ ನಾಲ್ಕು ಬೆರಳು ಒತ್ತಿದ್ದಾರೆ. ಅದು ಪೈಲ್ವಾನನ ಕೈ. ಅವನು, ಸಾವ್ಕಾರ್ರು ನಾಲ್ಕಕ್ಕೆ ಬಂದರು, ಇನ್ನೂ ಎಳೆಯೋಣ ಎಂದು ಐದು ಒತ್ತಿದ್ದಾನೆ. ಅದು ಮುದುಕನ ಕೈ. ಸಾವ್ಕಾರ್ರು ಐದು ಕೊಟ್ಟರು ಎಂದು ಮುದುಕ ಆರು ಒತ್ತಿದ್ದಾನೆ. ಅಧ್ಯಕ್ಷೆಯ ಗಂಡನ ಕೈ. ಆ ಸಾಧು ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿ ಏಳು ಒತ್ತಿದ್ದಾರೆ. ಅದು ಸುತ್ತಿಕೊಂಡು ಮೇಷ್ಟ್ರ ಕೈಗೇ ಬಂತು. ಮೇಷ್ಟ್ರು ಬೆಚ್ಚಿಬಿದ್ದು, ಒಪ್ಪಿಗೆ ಎಂದು ಕೈ ಕುಲುಕಿದರು. ಸಿಕ್ಕಿದ ಕೈಯನ್ನೆಲ್ಲ ಎಲ್ಲರೂ ಕುಲುಕಿದರು.

ಕಂಬಳಿ ಹಾರಿಹೋಯಿತು. ಮುದುಕ ಕುಣಿದುಕೊಂಡು ಎದ್ದ. "ಏಳಕ್ಕೆ ಆಯ್ತು ಕಣ್ರಲಾ! ಏಳುನೂರು! ಇನ್ನೂ ಕೇಳ್ತಿದ್ದೋ, ಸಾವ್ಕಾರ್ರು ಎದೆ ಒಡ್ಕಂಡಾರು ಅಂತಾವ ನಿಲ್ಲುಸ್ದೋ!"

ನಾನು ಫೋನೂ ಲೋಟವೂ ಮೇಲೆತ್ತಿ ತೋರಿಸಿದೆ. "ನನ್ನ ಎರಡು ಕೈಯೂ ಇಲ್ಲಿವೆಯಲ್ಲೋ!"

ನಾಲ್ಕೂ ಜನ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಅಧ್ಯಕ್ಷೆಯಮ್ಮ ಮಾತ್ರ ನನ್ನ ಕೈ ನೋಡಿದರು, ಕಂಬಳಿ ನೋಡಿದರು, ರಾಶಿಯ ಆಚೆಗೆ ಕಿವಿ ನಿಮಿರಿಸಿ ನಿಂತಿದ್ದ ನನ್ನ ಷಡ್ಡಕನನ್ನು ನೋಡಿದರು. ನಗಲಿಲ್ಲ. ನಾಲ್ಕು ಎಕರೆಯ ಗಂಟಲನ್ನು ಪೂರ್ತಿ ತೆಗೆದರು.

"ಏಳುನೂರಕ್ಕೆ ಕಂಬಳಿ ಎದ್ದದೆ! ಮ್ಯಾಲೆ ಕೊಡೋರು ಯಾರಾರ ಅವ್ರಾ?"

"ಏಳೂವರೆ!" ಎಂದ ಷಡ್ಡಕ. ಕೈ ಇಲ್ಲಿವೆ ಎಂದದ್ದು ನನ್ನ ನಾಟಕ, ನಾನು ಏಳು ಕೊಟ್ಟೇ ಇದ್ದೇನೆ, ಅಂದ ಮೇಲೆ ಮಾಲಿನಲ್ಲಿ ಏನೋ ಇರಲೇಬೇಕು ಎಂಬುದು ಅವನ ಲೆಕ್ಕ. ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಹನೂರಿನವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ನಾನು ಏನಾಯಿತೆಂದು ಬಿಡಿಸಿ ಹೇಳಬಹುದಿತ್ತು. ಹೇಳಿ ಹಿಂದೆ ಸರಿದರೆ ಏಳೂವರೆಗೆ ಲಾರಿ ಯಳಂದೂರಿಗೆ ಹೋಗುತ್ತದೆ. ನಮ್ಮ ತಂದೆ ಕಟ್ಟಿದ ವ್ಯಾಪಾರ, ಅದೂ ಷಡ್ಡಕನ ಪಾಲಿಗೆ! ಆಗ ತಾನೇ ಫೋನಿನಲ್ಲಿ ಈರೋಡಿನವನು ಹೇಳಿದ ರೇಟಿನ ಮೇಲೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಬಾಡಿಗೆ ಕಳೆದೆ, ಹಮಾಲಿ ಕಳೆದೆ.

ಅಧ್ಯಕ್ಷೆಯಮ್ಮ ನನ್ನ ಕಡೆ ತಿರುಗಿದರು. "ನೀವೇನಂತೀರಿ ಸಾವ್ಕಾರ್ರೇ?"

"ಎಂಟು."

ಕಣದ ತುಂಬ ಕೂಗು ಎದ್ದಿತು. ಷಡ್ಡಕ ಕೈ ಕೊಡವಿಕೊಂಡು ಬೈಕು ಹತ್ತಿದ. ಮುದುಕ ಮತ್ತೆ ಕಂಬಳಿ ಹಾಸಲು ಹೋದ, ಅಧ್ಯಕ್ಷೆಯಮ್ಮ ಬೇಡ ಎಂದು ಕಿತ್ತಿಟ್ಟರು.

ಈಗ ಒಟ್ಟು ಲೆಕ್ಕ. ಎರಡು ಲಾರಿ ಮಾಲು ನನ್ನದಾಯಿತು. ಮನೆಮನೆ ಸುತ್ತುವುದು ತಪ್ಪಿತು, ಒಂದೇ ದಿನದಲ್ಲಿ ತೂಕ ಮುಗಿಯಿತು, ಕಸ ಇಲ್ಲದ ಮಾಲೆಂದು ಈರೋಡಿನವನು ಕಣ್ಣು ಮುಚ್ಚಿ ತಗೊಂಡ. ನನಗೆ ಉಳಿದದ್ದು ಹಿಂದಿನ ಲಾಭದ ಅರ್ಧ, ಪಟ್ಟ ಶ್ರಮ ಹಿಂದಿನ ಕಾಲುಭಾಗ. ಅವರಿಗೆ ಮೂವತ್ತೆರಡು ಮನೆಗೂ ಒಂದೇ ರೇಟು, ಮುಂದಿನ ವರ್ಷಕ್ಕೆ ಬಾಡಿಗೆಯದಲ್ಲ, ಸ್ವಂತ ಬಾಯ್ಲರು. ಇನ್ನು ಆ ರೇಟು ಬಂದ ಬಗೆ. ಕಂಬಳಿಯ ಕೆಳಗೆ ನಾನು ಕೊಟ್ಟದ್ದು ಮೂರು. ಅವರು ತಮ್ಮತಮ್ಮಲ್ಲೇ ಚೌಕಾಶಿ ಮಾಡಿ ಗಳಿಸಿಕೊಂಡದ್ದು ನಾಲ್ಕು. ಷಡ್ಡಕ ಸೇರಿಸಿದ್ದು ಅರ್ಧ. ನಾನೇ ಬಾಯಿ ಬಿಟ್ಟು ಸೇರಿಸಿದ್ದು ಇನ್ನರ್ಧ. ಕೂಡಿದರೆ ಎಂಟು.